ದೇವರ ವಕಾಲತ್ತಿಗೆ ರುಜು ಯಾರದು?

ವಿಜಯನಗರದ ಅರಸರು ಹೊರಡಿಸಿದ ತಾಮ್ರಶಾಸನಗಳನ್ನು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಶಾಸನದ ಮೈಯೆಲ್ಲ ಸಂಸ್ಕೃತ. ಲಿಪಿ ಬಹುಮಟ್ಟಿಗೆ ನಂದಿನಾಗರಿ. ಆದರೆ ಕೊನೆಗೆ ಬಂದಾಗ, ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ಕಾಣುತ್ತದೆ. ದಾನ ಕೊಟ್ಟವನು ಹರಿಹರನಿರಲಿ, ದೇವರಾಯನಿರಲಿ, ಕೃಷ್ಣದೇವರಾಯನೇ ಇರಲಿ, ರುಜು ಮಾತ್ರ ಹಂಪೆಯ ದೇವರದು. ಅರವೀಡು ವಂಶದವರ ಕಾಲದಲ್ಲಿ ‘ಶ್ರೀ ವೆಂಕಟೇಶ’ ಎಂಬ ಅಂಕಿತವೂ ಬಂದಿತು. ಅಲ್ಲಿಯೂ ಅರಸು ದೇವರ ಹೆಸರನ್ನೇ ಬರೆದನು. ರಾಜ್ಯ ವಿರೂಪಾಕ್ಷನದು, ತಾನು ಅವನ ಪರವಾಗಿ ಆಳುವವನು ಎಂಬ ಭಾವನೆ ಆ ರುಜುವಿನ ಹಿಂದೆ ಇತ್ತು. ಅರಸನು ದೇವರ ಪರವಾಗಿ ರುಜು ಹಾಕಿದಾಗ, ‘ಹಾಗೆ ಹಾಕಲು ನಿನಗೆ ಅಧಿಕಾರ ಕೊಟ್ಟವರು ಯಾರು?’ ಎಂದು ಕೇಳುವ ಪ್ರತಿವಾದಿ ಆಗ ಇರಲಿಲ್ಲ.

ಕಾಲ ಬದಲಾಯಿತು. ಈಗ ಹೊಸಪೇಟೆ, ಸಂಡೂರು, ಕಂಪ್ಲಿಗಳ ಸೀಮೆಯಲ್ಲಿ ಒಂದು ಗುಡಿಯ ಹೊಲವನ್ನು ಯಾರೋ ಒತ್ತುವರಿ ಮಾಡಿದರೆನ್ನಿ. ದೇವರು ನ್ಯಾಯಸ್ಥಾನಕ್ಕೆ ಬರಲಾರನು, ವಕೀಲರನ್ನು ಗೊತ್ತುಮಾಡಲಾರನು, ವಕಾಲತ್ತು ಪತ್ರಕ್ಕೆ ರುಜು ಹಾಕಲಾರನು. ಅವನ ಪರವಾಗಿ ಒಬ್ಬರು ಹೋಗಬೇಕು. ಹೋದ ಕೂಡಲೆ ಪ್ರತಿವಾದಿಯ ಜವಾಬಿನ ಮೊದಲನೆಯ ಕಲಮು ಹೀಗಿರುತ್ತದೆ: ವಾದಿಗೆ ಈ ದಾವೆ ಹೂಡುವ ಅಧಿಕಾರವೇ ಇಲ್ಲ. ಹೊಲ ಯಾರದು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. ಕೇಳುವವನು ಯಾರು ಎಂಬ ಪ್ರಶ್ನೆ ಮುಂದೆ ಬರುತ್ತದೆ. ಅದು ಒಂದು ಕೋರ್ಟಿನಿಂದ ಇನ್ನೊಂದು ಕೋರ್ಟಿಗೆ ಏರಿ ಇಳಿಯುವಷ್ಟರಲ್ಲಿ ವರ್ಷಗಳು ಕಳೆಯುತ್ತವೆ. ಧರ್ಮಕರ್ತರ ಅಧಿಕಾರವನ್ನು ಕುರಿತ ವ್ಯಾಜ್ಯಗಳು ನಮ್ಮ ನಾಡಿನಲ್ಲಿ ಇನ್ನೂರು ವರ್ಷಗಳಿಂದ ನಡೆದು ಬಂದಿವೆ. ಮೇಲುನೋಟಕ್ಕೆ ಬರಿಯ ವಕೀಲಿ ಮಾತಿನಂತೆ ಕಂಡರೂ, ಎಷ್ಟೋ ಗುಡಿಗಳ ದೀಪಕ್ಕೆ ಎಣ್ಣೆ ಉಳಿದದ್ದೂ ಅಳಿದದ್ದೂ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಬುಕ್ಕರಾಯನ ತೀರ್ಪು

ಇತರರ ಧರ್ಮದ ಹಣವನ್ನು ನಂಬಿಕೆಯಿಂದ ಇಟ್ಟುಕೊಂಡು ಅವರ ಪರವಾಗಿ ನಡೆಸುವ ಏರ್ಪಾಡು ಇಂಗ್ಲಿಷರೊಡನೆ ಬಂದುದೆಂದು ಕೆಲವರು ತಿಳಿದಿದ್ದಾರೆ. ಆ ತಿಳಿವಳಿಕೆ ಸರಿಯಲ್ಲ. ಶ್ರವಣಬೆಳಗೊಳದಲ್ಲಿರುವ ಕ್ರಿ. ಶ. 1368ರ ಬುಕ್ಕರಾಯನ ಶಾಸನವನ್ನು ನೋಡಬಹುದು. ಜೈನರಿಗೂ ವೈಷ್ಣವರಿಗೂ ವಿವಾದ ಹುಟ್ಟಿದಾಗ, ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ಅರಸನ ಬಳಿಗೆ ದೂರು ಒಯ್ದರು. ಒಬ್ಬಿಬ್ಬರು ಬಂದು ಸಮಸ್ತರ ಪರವಾಗಿ ಮಾತನಾಡಿದರೆ ಸಾಲದೆಂದು, ಅನೇಕ ಪಟ್ಟಣಗಳ ಜನ ಸೇರಿಯೇ ಬಂದಿದ್ದರೆಂಬುದು ಶಾಸನದಿಂದ ತಿಳಿಯುತ್ತದೆ. ಎದುರು ಪಕ್ಷದಲ್ಲಿಯೂ ಹಲವು ಕ್ಷೇತ್ರಗಳ ಆಚಾರ್ಯರು, ಸಮಯಿಗಳು ಇದ್ದರು. ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟನು.

ನಮ್ಮ ವಿಷಯಕ್ಕೆ ಮುಖ್ಯವಾದ ಭಾಗ ಮುಂದಿನದು. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಬೇಕು. ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಸೊದೆ ಮಾಡಿಸಬೇಕು. ಈ ಕಟ್ಟಳೆಗೆ ತಪ್ಪಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿ. ಹಣ ಜೈನರದು, ದೇವರು ಜೈನರ ದೇವರು, ನಡೆಸುವವನು ವೈಷ್ಣವ. ಅವನಿಗೆ ಆ ಹಣದ ಮೇಲೆ ಸ್ವಂತದ ಹಕ್ಕು ಎಳ್ಳಷ್ಟೂ ಇಲ್ಲ. ಹಣ ಎಲ್ಲಿಂದ ಬರಬೇಕು, ಯಾವುದಕ್ಕೆ ಹೋಗಬೇಕು, ಮಿಕ್ಕುದು ಏನಾಗಬೇಕು, ತಪ್ಪಿದರೆ ಯಾರಿಗೆ ಉತ್ತರ ಹೇಳಬೇಕು ಎಂಬ ನಾಲ್ಕೂ ಮಾತು ಕಲ್ಲಿನ ಮೇಲೆ ಇವೆ. ಇಂದಿನ ಯಾವ ನುರಿತ ವಕೀಲರು ಬರೆದ ಟ್ರಸ್ಟಿನ ಪತ್ರದಲ್ಲಿಯೂ ಇದಕ್ಕಿಂತ ಮುಖ್ಯವಾದುದು ಇರಲಾರದು.

ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಕಾಲದಲ್ಲಿ ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕಟ್ಟಿಸಿ, ದೇವರ ನೈವೇದ್ಯಕ್ಕಾಗಿ ಸಿಂಗಿನಾಯಕನಹಳ್ಳಿಯನ್ನು ಬಿಟ್ಟುದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ದಾನ ಹೋದದ್ದು ದೇವರಿಗೆ. ಸ್ಥಾನಿಕರು, ಪಾರುಪತ್ಯಗಾರರು ಅದನ್ನು ನೋಡಿಕೊಳ್ಳುವವರು. ಅವರಲ್ಲಿ ಜಗಳ ಬಂದರೆ ತೀರಿಸಲು ಅರಸನ ಓಲಗ ಹತ್ತಿರದಲ್ಲೇ ಇತ್ತು. 1565ರ ತರುವಾಯ ಆ ಓಲಗ ಹಂಪೆಯಿಂದ ಹೋಯಿತು. ದೇವರು, ಹೊಲ, ಪೂಜಾರಿ ಉಳಿದರು. ಮೇಲೆ ಕುಳಿತು ಕೇಳುವವನು ಇಲ್ಲವಾದನು.

ಮೂರು ಆಳ್ವಿಕೆ, ಮೂರು ನ್ಯಾಯ

1800ರಲ್ಲಿ ನಿಜಾಮನು ಬಳ್ಳಾರಿ, ಕಡಪೆಯ ಸೀಮೆಗಳನ್ನು ಕುಂಪಣಿಗೆ ಬಿಟ್ಟುಕೊಟ್ಟನು. ದತ್ತ ಮಂಡಲವೆಂದು ಹೆಸರಾದ ಈ ಸೀಮೆಗೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ಆಗ ತುಂಗಭದ್ರೆಯ ಸುತ್ತ ಒಂದು ವಿಚಿತ್ರವಾದ ಸ್ಥಿತಿ ಏರ್ಪಟ್ಟಿತು. ಹೊಳೆಯ ಬಲದಂಡೆಯ ಹಂಪೆ, ಹೊಸಪೇಟೆ, ಕಂಪ್ಲಿಗಳು ಮದರಾಸಿನ ಆಡಳಿತಕ್ಕೆ ಸೇರಿದವು. ಎಡದಂಡೆಯ ಆನೆಗೊಂದಿ ನಿಜಾಮನ ಸೀಮೆಯಲ್ಲೇ ಉಳಿಯಿತು. ದಕ್ಷಿಣಕ್ಕೆ ಬೆಟ್ಟಗಳ ನಡುವೆ ಸುಮಾರು 160 ಚದರ ಮೈಲಿಯ ಸಂಡೂರು ಘೋರ್ಪಡೆಯವರ ಸಂಸ್ಥಾನವಾಗಿತ್ತು. ಒಂದು ದಿನದ ಎತ್ತಿನ ಗಾಡಿಯ ದಾರಿಯೊಳಗೆ ಮೂರು ಆಳ್ವಿಕೆ. ದೇವರ ಪರವಾಗಿ ನಿಲ್ಲುವವರು ಯಾರೆಂಬ ಪ್ರಶ್ನೆಗೂ ಮೂರು ಬಗೆಯ ಉತ್ತರ.

ಮದರಾಸು ಸರ್ಕಾರ 1817ರ 7ನೆಯ ರೆಗ್ಯುಲೇಷನ್ನಿನ ಮೂಲಕ ಧರ್ಮದ ಆಸ್ತಿಗಳ ಮೇಲ್ವಿಚಾರಣೆಯನ್ನು ರೆವಿನ್ಯೂ ಬೋರ್ಡಿಗೆ ಒಪ್ಪಿಸಿತು. ಇದರಿಂದ ಗುಡಿಯ ಜಮೀನಿನ ಮಾತು ಕಲೆಕ್ಟರರ ಕಚೇರಿಗೆ ಬಂದಿತು. ಆದರೆ ಕ್ರೈಸ್ತ ಸರ್ಕಾರ ಹಿಂದೂ ದೇವಾಲಯಗಳನ್ನು ನಡೆಸುವುದೆಂದರೇನು ಎಂದು ಇಂಗ್ಲೆಂಡಿನಲ್ಲಿ ಪಾದ್ರಿಗಳು ಕೂಗೆಬ್ಬಿಸಿದರು. 1840ರ ದಶಕದ ಆರಂಭದಲ್ಲಿ ಸರ್ಕಾರ ಕೈ ತೆಗೆಯಿತು. ಊರಿನ ದೊಡ್ಡವರು ಗುಡಿಗಳ ಆಡಳಿತ ವಹಿಸಿಕೊಂಡರು. ಅವರು ಯಾವ ಅಧಿಕಾರದಿಂದ ವಹಿಸಿಕೊಂಡರು, ಅವರ ತರುವಾಯ ಯಾರು ಎಂಬುದಕ್ಕೆ ಎಷ್ಟೋ ಕಡೆ ಬರಹವೇ ಇರಲಿಲ್ಲ. 1863ರ 20ನೆಯ ಆಕ್ಟು ಬಂದು, ಸರ್ಕಾರದ ನೇಮಕಕ್ಕೆ ಒಳಪಟ್ಟಿದ್ದ ದೇವಾಲಯಗಳನ್ನು ಸ್ಥಳೀಯ ಕಮಿಟಿಗಳಿಗೆ ವಹಿಸಿತು. ಧರ್ಮಕರ್ತನು ತಪ್ಪಿ ನಡೆದರೆ ಆ ದೇವಾಲಯದಲ್ಲಿ ಹಿತವುಳ್ಳ ಯಾವನೇ ಆಗಲಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದೆಂದು ಹೇಳಿತು. ಭಕ್ತನಿಗೆ ನ್ಯಾಯಸ್ಥಾನದ ಬಾಗಿಲು ಶಾಸನದ ಮೂಲಕ ತೆರೆದದ್ದು ಹೀಗೆ.

ಇದೇ ಸುಮಾರಿಗೆ ಇನ್ನೊಂದು ಕೆಲಸ ನಡೆಯಿತು. 1858ರಲ್ಲಿ ಆರಂಭವಾದ ಇನಾಮು ಕಮಿಷನ್ನು ಮದರಾಸು ಪ್ರಾಂತದ ಇನಾಮು ಜಮೀನುಗಳನ್ನೆಲ್ಲ ವಿಚಾರಿಸಿ ಪತ್ರ ಕೊಟ್ಟಿತು. ದೇವಾಲಯದ ಇನಾಮುಗಳ ಪತ್ರದಲ್ಲಿ ಸಾಮಾನ್ಯವಾಗಿ ವ್ಯಕ್ತಿಯ ಹೆಸರಿರದೆ, ‘ಆಯಾ ಕಾಲದ ಆಡಳಿತಗಾರರಿಗೆ’ ಎಂಬ ಅರ್ಥದ ಮಾತು ಇರುತ್ತಿತ್ತು. ಬರೆದವರ ಉದ್ದೇಶ ಒಳ್ಳೆಯದು. ಮನುಷ್ಯ ಸಾಯುತ್ತಾನೆ, ದೇವರು ಇರುತ್ತಾನೆ, ಆದ್ದರಿಂದ ಆಸ್ತಿ ಒಬ್ಬನ ಹೆಸರಿಗೆ ಅಂಟಬಾರದು. ಆದರೆ ಆ ಮಾತಿನಿಂದಲೇ ಮುಂದಿನ ತಲೆಮಾರಿನ ವ್ಯಾಜ್ಯಗಳು ಹುಟ್ಟಿದವು. ಈ ಕಾಲದ ಆಡಳಿತಗಾರ ಯಾರು? ಹಿರಿಯ ಮಗನೇ, ತಮ್ಮನೇ, ಅರ್ಚಕನೇ, ಊರ ಗೌಡನೇ, ಕಮಿಟಿ ನೇಮಿಸಿದವನೇ?

ಹೊಸಪೇಟೆ ಕಂಪ್ಲಿಗಳ ಸೀಮೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ಬೆಲೆ ಇದ್ದುದಕ್ಕೆ ಕಾರಣ ನೀರು. ವಿಜಯನಗರದ ಕಾಲದಲ್ಲಿ ತುಂಗಭದ್ರೆಗೆ ಕಟ್ಟಿದ ಅಣೆಕಟ್ಟುಗಳಿಂದ ಬಸವಣ್ಣ ಕಾಲುವೆ, ರಾಯ ಕಾಲುವೆ, ತುರ್ತು ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಮೊದಲಾದವು ಹರಿಯುತ್ತವೆ. ಸುತ್ತಲಿನ ಬಳ್ಳಾರಿ ಸೀಮೆ ಬರಗಾಲಕ್ಕೆ ಹೆಸರಾಗಿದ್ದಾಗಲೂ ಈ ಕಾಲುವೆಗಳ ಕೆಳಗಿನ ಗದ್ದೆಗಳಲ್ಲಿ ಬತ್ತ, ಕಬ್ಬು, ಬಾಳೆ ಬೆಳೆದವು. ಬೆದ್ದಲು ಹೊಲದ ದೇವರಿಗೆ ಯಾರೂ ಅಷ್ಟಾಗಿ ಹೊಡೆದಾಡರು; ಕಾಲುವೆಯ ಕೆಳಗಿನ ಗದ್ದೆಯ ದೇವರಿಗೆ ವಾರಸುದಾರರು ಬಹಳ.

ಲಂಡನ್ನಿನಲ್ಲಿ ನಡೆದ ಚರ್ಚೆ

ದೇವರ ಪರವಾಗಿ ದಾವೆ ಹೂಡುವವನ ಸ್ವರೂಪವೇನು ಎಂಬುದನ್ನು ಆ ಕಾಲದಲ್ಲಿ ಕೊನೆಯಾಗಿ ತೀರ್ಮಾನಿಸುತ್ತಿದ್ದುದು ಲಂಡನ್ನಿನ ಪ್ರಿವಿ ಕೌನ್ಸಿಲು. ಗುಡಿಯನ್ನೇ ಕಾಣದ ನ್ಯಾಯಮೂರ್ತಿಗಳು ನಮ್ಮ ದೇವರುಗಳ ಮನಸ್ಸನ್ನು ವಿಚಾರಿಸಬೇಕಾಗಿ ಬಂದುದು ಸೋಜಿಗದ ಸಂಗತಿಯಾದರೂ, ಅವರು ಹೇಳಿದ ಮಾತುಗಳು ಇಂದಿಗೂ ಬಳಕೆಯಲ್ಲಿವೆ.

1904ರಲ್ಲಿ ಬಂಗಾಳದ ಜಗದೀಂದ್ರನಾಥ ರಾಯರ ಮೊಕದ್ದಮೆ ಬಂದಿತು. ದೇವರ ಜಮೀನಿಗಾಗಿ ದಾವೆ ಹೂಡುವ ವಾಯಿದೆ ಮೀರಿಹೋಗಿತ್ತು. ಆದರೆ ಹಕ್ಕು ಹುಟ್ಟಿದಾಗ ದೇವರ ಪಾಲಕನು, ಅಂದರೆ ಬಂಗಾಳದವರು ಶೆಬಾಯತನೆಂದು ಕರೆಯುವವನು, ಅಪ್ರಾಪ್ತ ವಯಸ್ಸಿನವನಾಗಿದ್ದನು. ಆಸ್ತಿ ದೇವರದಾದರೂ ದಾವೆ ಹೂಡುವ ಹಕ್ಕು ಪಾಲಕನಲ್ಲಿದೆ, ಆದ್ದರಿಂದ ಬಾಲಕನಿಗೆ ದೊರೆಯುವ ವಾಯಿದೆಯ ರಿಯಾಯಿತಿ ಅವನಿಗೆ ದೊರೆಯಬೇಕು ಎಂದು ಪ್ರಿವಿ ಕೌನ್ಸಿಲು ತೀರ್ಮಾನಿಸಿತು. ಪಾಲಕನ ಎಳೆಯ ವಯಸ್ಸಿನಿಂದಾಗಿ ದೇವರ ಆಸ್ತಿ ಉಳಿಯಿತು.

1921ರಲ್ಲಿ ಮದರಾಸು ಪ್ರಾಂತದಿಂದ ಹೋದ ವಿದ್ಯಾವಾರುತಿ ತೀರ್ಥರ ಮೊಕದ್ದಮೆಯಲ್ಲಿ ಜಸ್ಟಿಸ್ ಅಮೀರ್ ಅಲಿಯವರು ಬಹು ದೊಡ್ಡ ಮಾತನ್ನು ಹೇಳಿದರು. ಮಠಾಧಿಪತಿಯಾಗಲಿ ಧರ್ಮಕರ್ತನಾಗಲಿ ಇಂಗ್ಲಿಷ್ ಕಾನೂನಿನ ಅರ್ಥದಲ್ಲಿ ಟ್ರಸ್ಟಿಯಲ್ಲ. ಇಂಗ್ಲೆಂಡಿನಲ್ಲಿ ಟ್ರಸ್ಟಿಗೆ ಆಸ್ತಿಯ ಒಡೆತನ ಕಾನೂನಿನ ಪ್ರಕಾರ ಸೇರುತ್ತದೆ, ಅದರ ಫಲ ಮಾತ್ರ ಇತರರಿಗೆ. ನಮ್ಮಲ್ಲಿ ಒಡೆತನವೇ ದೇವರದು ಅಥವಾ ಸಂಸ್ಥೆಯದು. ನಡೆಸುವವನು ನಡೆಸುವವನು ಮಾತ್ರ. ಇದು ಕೇಳಲು ಚೆನ್ನಾಗಿತ್ತು. ಆದರೆ ಒಡನೆಯೇ ಒಂದು ತೊಡಕು ಕಾಣಿಸಿತು. ಟ್ರಸ್ಟಿಗೆ ವಹಿಸಿದ ಆಸ್ತಿಗೆ ವಾಯಿದೆ ಕಾನೂನಿನಲ್ಲಿದ್ದ ರಕ್ಷಣೆ, ನಡೆಸುವವನು ಟ್ರಸ್ಟಿಯೇ ಅಲ್ಲವೆಂದ ಮೇಲೆ, ದೇವರ ಆಸ್ತಿಗೆ ತಪ್ಪಿಹೋಗುವಂತಾಯಿತು. ಇದನ್ನು ಸರಿಪಡಿಸಲು 1929ರಲ್ಲಿ ವಾಯಿದೆ ಕಾನೂನನ್ನು ತಿದ್ದಬೇಕಾಯಿತು. ಈಗಿನ 1963ರ ಕಾನೂನಿನಲ್ಲಿಯೂ ಅದರ ಫಲವಿದೆ: ಒಬ್ಬ ಆಡಳಿತಗಾರನು ದೇವರ ಸ್ಥಿರಾಸ್ತಿಯನ್ನು ಮಾರಿಬಿಟ್ಟರೆ, ಅವನು ಸತ್ತ, ಬಿಟ್ಟ ಅಥವಾ ತೆಗೆಯಲ್ಪಟ್ಟ ದಿನದಿಂದ, ಇಲ್ಲವೆ ದಾವೆ ಹೂಡುವ ಹೊಸ ಆಡಳಿತಗಾರನು ನೇಮಕವಾದ ದಿನದಿಂದ, ಯಾವುದು ತಡವೋ ಅಲ್ಲಿಂದ 12 ವರ್ಷಗಳ ಅವಕಾಶವಿದೆ. ನೇಮಕದ ದಿನಕ್ಕೆ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ. ನೇಮಕದ ಬರಹವಿಲ್ಲದಿದ್ದರೆ ಎಣಿಕೆ ಎಲ್ಲಿಂದ ಆರಂಭಿಸಬೇಕು?

1925ರಲ್ಲಿ ಕಲ್ಕತ್ತೆಯ ಮಲ್ಲಿಕ ಮನೆತನದ ಮೊಕದ್ದಮೆ ಬಂದಿತು. ಮನೆದೇವರ ಪೂಜೆಯ ಸರದಿ ಬಂದಾಗ ವಿಗ್ರಹವನ್ನು ತನ್ನ ಮನೆಗೆ ಒಯ್ಯಬಹುದೇ ಎಂಬುದು ದಾಯಾದಿಗಳ ಜಗಳ. ದೇವರ ಪರವಾಗಿ ಎಲ್ಲರೂ ಮಾತನಾಡುತ್ತಿದ್ದರು. ದೇವರ ಮಾತನ್ನು ಯಾರೂ ಆಡುತ್ತಿರಲಿಲ್ಲ. ದೇವರಿಗೂ ಒಂದು ಇಚ್ಛೆ ಇದೆಯೆಂದು ಭಾವಿಸಬೇಕು, ಜಗಳದಲ್ಲಿ ಸ್ವಂತ ಲಾಭವಿಲ್ಲದ ಒಬ್ಬರನ್ನು ಕೋರ್ಟು ನೇಮಿಸಿ ಅವರ ಮೂಲಕ ದೇವರು ಹಾಜರಾಗಬೇಕು ಎಂದು ಪ್ರಿವಿ ಕೌನ್ಸಿಲು ಹೇಳಿತು. ಬಾಲಕನ ಪರವಾಗಿ ದಾವೆ ನಡೆಸುವ ಹಿತೈಷಿಯನ್ನು ಕೋರ್ಟಿನ ಮಾತಿನಲ್ಲಿ ‘ನೆಕ್ಸ್ಟ್ ಫ್ರೆಂಡ್’ ಎನ್ನುತ್ತಾರೆ. ದೇವರಿಗೂ ಹಾಗೊಬ್ಬ ಮಿತ್ರನು ದೊರೆತನು.

ಸಂಡೂರಿನಲ್ಲಿ ಒಂದು ಮಾತು, ಮೂಲ್ಕಿಯಲ್ಲಿ ಒಂದು ದಾವೆ

ಮದರಾಸಿನಲ್ಲಿ ಪಾನಗಲ್ ರಾಜರ ಮಂತ್ರಿಮಂಡಲದ ಕಾಲದಲ್ಲಿ ಹಿಂದೂ ಧರ್ಮಾದಾಯಗಳ ಕಾನೂನು ಬಂದಿತು. 1925ರ ಕಾನೂನಿನ ಸಿಂಧುತ್ವವನ್ನು ಪ್ರಶ್ನಿಸಿದ್ದರಿಂದ 1927ರಲ್ಲಿ ಅದನ್ನು ಮತ್ತೆ ಶಾಸನ ಮಾಡಬೇಕಾಯಿತು. ವಂಶಪಾರಂಪರ್ಯ ಧರ್ಮಕರ್ತರಿರುವ ಗುಡಿಗಳು ಒಂದು ಬಗೆ, ಉಳಿದವು ಇನ್ನೊಂದು ಬಗೆ. ಮೇಲೆ ಒಂದು ಬೋರ್ಡು. ಅಂದಿನಿಂದ ಧರ್ಮಕರ್ತನ ಅಧಿಕಾರದ ಪ್ರಶ್ನೆಗೆ ಎರಡು ಮುಖವಾಯಿತು. ಮೊದಲು ದಾಯಾದಿ ದಾಯಾದಿಯನ್ನು ಕೇಳುತ್ತಿದ್ದನು. ಈಗ ಬೋರ್ಡು ಧರ್ಮಕರ್ತನನ್ನೂ ಧರ್ಮಕರ್ತನು ಬೋರ್ಡನ್ನೂ ಕೇಳತೊಡಗಿದರು. 1951ರಲ್ಲಿ ಬೋರ್ಡು ಹೋಗಿ ಕಮಿಷನರರು ಬಂದರು. ಎಕ್ಸಿಕ್ಯುಟಿವ್ ಆಫೀಸರನು ನೇಮಕವಾದ ಗುಡಿಯಲ್ಲಿ ದಾವೆ ಹೂಡುವವನು ಅವನೇ, ಧರ್ಮಕರ್ತನೇ ಎಂಬ ತರ್ಕವೂ ಹುಟ್ಟಿತು.

ಸಂಡೂರಿನಲ್ಲಿ ಈ ಗೊಂದಲ ಇರಲಿಲ್ಲ. ಬೆಟ್ಟದ ಮೇಲಿನ ಕುಮಾರಸ್ವಾಮಿಯ ಗುಡಿಯ ವಿಷಯದಲ್ಲಿ ಸಂಸ್ಥಾನದ ಅರಸರ ಮಾತೇ ಕೊನೆಯದು. 1930ರ ದಶಕದ ಆರಂಭದಲ್ಲಿ ಅರಸರು ಆ ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆದರು. ಅದನ್ನು ಪ್ರಶ್ನಿಸಿ ಧರ್ಮಕರ್ತನು ದಾವೆ ಹೂಡುವುದು ಅಲ್ಲಿ ಆಗದ ಮಾತು. 1934ರಲ್ಲಿ ಗಾಂಧೀಜಿಯವರು ಸಂಡೂರಿಗೆ ಬಂದಾಗ ಆ ಕೆಲಸ ಆಗಿಹೋಗಿತ್ತು.

ಇದನ್ನು ಕರಾವಳಿಯ ಮೂಲ್ಕಿಯೊಡನೆ ಹೋಲಿಸಬೇಕು. 1947ರ ಮದರಾಸಿನ ದೇವಾಲಯ ಪ್ರವೇಶದ ಕಾನೂನು ಬಂದಾಗ, ಮೂಲ್ಕಿಯ ವೆಂಕಟರಮಣ ದೇವಾಲಯದ ಆಡಳಿತದಾರರು ಇದು ಗೌಡ ಸಾರಸ್ವತರ ಪಂಗಡಕ್ಕೆ ಸೇರಿದ ಗುಡಿಯೆಂದು 1949ರಲ್ಲಿ ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ ರಾಜ್ಯಗಳ ಪುನರ್ವಿಂಗಡಣೆಯಾಗಿ, ಮದರಾಸು ಸರ್ಕಾರದ ಸ್ಥಾನದಲ್ಲಿ ಮೈಸೂರು ಸರ್ಕಾರ ಪ್ರತಿವಾದಿಯಾಯಿತು. 1957ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಗುಡಿ ಆ ಪಂಗಡದ್ದೇ ಹೌದು, ಆದರೂ ಎಲ್ಲ ಹಿಂದೂಗಳಿಗೆ ಅದನ್ನು ತೆರೆಯುವ ಕಾನೂನು ಸಿಂಧುವಾದುದು ಎಂದು ತೀರ್ಪು ಕೊಟ್ಟಿತು. ಪಂಗಡಕ್ಕೆ ಮೀಸಲಾದ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಉಳಿಸಿಕೊಟ್ಟಿತು. ಸಂಡೂರಿನಲ್ಲಿ ಅರಸನ ಒಂದು ಮಾತಿನಿಂದ ಆದುದಕ್ಕೆ ಮೂಲ್ಕಿಯಲ್ಲಿ ಎಂಟು ವರ್ಷ ಹಿಡಿಯಿತು. ಆದರೆ ಅರಸನು ಒಳ್ಳೆಯವನಾಗಿದ್ದರಿಂದ ಸಂಡೂರಿನಲ್ಲಿ ಒಳ್ಳೆಯದಾಯಿತು ಎಂಬುದನ್ನು ಮರೆಯಬಾರದು. ಅವನು ಬಾಗಿಲು ಮುಚ್ಚಿದ್ದರೂ ಕೇಳುವವರು ಇರುತ್ತಿರಲಿಲ್ಲ. ಮೂಲ್ಕಿಯಲ್ಲಿ ಎರಡು ಪಕ್ಷದವರೂ ತಮ್ಮ ಮಾತನ್ನು ಕೊನೆಯವರೆಗೆ ಹೇಳಿದರು, ನಾಡಿಗೆಲ್ಲ ಅನ್ವಯಿಸುವ ಒಂದು ನ್ಯಾಯ ಹೊರಬಂದಿತು.

ಒಬ್ಬನ ರುಜು ಸಾಕೇ?

ಇಲ್ಲಿಯವರೆಗೆ ಹೇಳಿದುದು ದೇವರ ಮಾತು. ಛತ್ರ, ವಿದ್ಯಾಲಯ, ಅನ್ನದಾನ ಮೊದಲಾದವುಗಳಿಗಾಗಿ ಬರೆದ ಸಾಮಾನ್ಯ ಟ್ರಸ್ಟಿನ ಮಾತು ಬೇರೆ. ಕಂಪನಿಯೊಂದು ತನ್ನ ಹೆಸರಿನಲ್ಲಿ ದಾವೆ ಹೂಡಬಹುದು. ದೇವರಿಗೂ ಕಾನೂನು ಒಂದು ವ್ಯಕ್ತಿತ್ವವನ್ನು ಕೊಟ್ಟಿದೆ. ಟ್ರಸ್ಟಿಗೆ ಅದೂ ಇಲ್ಲ. ಅದು ಒಂದು ಕರ್ತವ್ಯದ ಹೆಸರೇ ಹೊರತು ವ್ಯಕ್ತಿಯ ಹೆಸರಲ್ಲ. ಆದ್ದರಿಂದ ಟ್ರಸ್ಟಿಗಳೇ ವಾದಿಗಳಾಗಬೇಕು. ಸಿವಿಲ್ ಪ್ರೊಸೀಜರ್ ಕೋಡಿನ 31ನೆಯ ಆರ್ಡರಿನಂತೆ, ಟ್ರಸ್ಟಿಗಳು ಹಲವರಿದ್ದರೆ ಎಲ್ಲರನ್ನೂ ದಾವೆಯಲ್ಲಿ ಪಕ್ಷಗಾರರನ್ನಾಗಿ ಮಾಡಬೇಕು. ‘ನಾನು ಮ್ಯಾನೇಜಿಂಗ್ ಟ್ರಸ್ಟಿ, ನನ್ನ ರುಜು ಸಾಕು’ ಎಂಬ ಮಾತು ನ್ಯಾಯಸ್ಥಾನದಲ್ಲಿ ತಾನಾಗಿ ನಿಲ್ಲುವುದಿಲ್ಲ. ಟ್ರಸ್ಟಿನ ಪತ್ರದಲ್ಲಿ ಹಾಗೆ ಹೇಳಿರಬೇಕು, ಇಲ್ಲವೆ ಉಳಿದವರು ಸೇರಿ ಅವನಿಗೆ ಅಧಿಕಾರ ಕೊಟ್ಟಿರಬೇಕು. 1973ರಲ್ಲಿ ಗುಜರಾತಿನ ಹೈಕೋರ್ಟು, ಬಾಡಿಗೆದಾರನನ್ನು ಬಿಡಿಸುವ ದಾವೆಯಲ್ಲಿಯೂ ಸಹ ಟ್ರಸ್ಟಿಗಳೆಲ್ಲರೂ ಸೇರಬೇಕೆಂದು ಹೇಳಿತು.

ಇದರ ಹಿಂದಿನ ವಿಚಾರ ಕಠಿನವಾದುದೇನೂ ಅಲ್ಲ. ಧರ್ಮ ಮಾಡಿದವನು ಐದು ಜನರ ವಿವೇಕವನ್ನು ನಂಬಿ ಆಸ್ತಿಯನ್ನು ಕೊಟ್ಟಿದ್ದಾನೆ. ನಾಲ್ವರು ಮನೆಯಲ್ಲಿ ಕುಳಿತು ಒಬ್ಬನು ಎಲ್ಲವನ್ನೂ ನಡೆಸಿದರೆ, ಆ ನಂಬಿಕೆಯ ಐದರಲ್ಲಿ ನಾಲ್ಕು ಪಾಲು ವ್ಯರ್ಥವಾಯಿತು. ಟ್ರಸ್ಟಿ ತನ್ನ ಕರ್ತವ್ಯವನ್ನು ಇನ್ನೊಬ್ಬನಿಗೆ ದಾಟಿಸಬಾರದೆಂಬ ನಿಯಮ ಅದಕ್ಕಾಗಿ ಬಂದಿದೆ.

ಹಾಗಾದರೆ ನೇಮಕದಲ್ಲಿ ಏನಾದರೊಂದು ಕುಂದು ಇದ್ದ ಮಾತ್ರಕ್ಕೆ ದೇವರು ಕೈ ಕಟ್ಟಿಕೊಂಡು ಕುಳಿತಿರಬೇಕೇ? ಇಲ್ಲ. 1934ರ ಮಹಾದೇವಪ್ರಸಾದ ಸಿಂಗರ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲು, ವಾಸ್ತವವಾಗಿ ಮಠವನ್ನು ನಡೆಸುತ್ತಿರುವವನು, ಅವನ ಪಟ್ಟದ ಹಕ್ಕು ಪೂರ್ಣವಾಗಿ ಸಿದ್ಧವಾಗದಿದ್ದರೂ, ಮಠದ ಹಿತಕ್ಕಾಗಿ ಆಸ್ತಿಯನ್ನು ಬಿಡಿಸಿಕೊಳ್ಳಲು ದಾವೆ ಹೂಡಬಹುದೆಂದು ಹೇಳಿತು. 1967ರಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ರಾಧಾವಲ್ಲಭಜಿಯ ಆಸ್ತಿಯನ್ನು ಪಾಲಕನೇ ಪರಭಾರೆ ಮಾಡಿದ್ದನು. ಕಳ್ಳನೇ ಕಾವಲುಗಾರನಾದ ಮೇಲೆ ದಾವೆ ಹೂಡುವವರು ಯಾರು? ಪಾಲಕನು ದೇವರ ಹಿತಕ್ಕೆ ವಿರುದ್ಧವಾಗಿ ನಡೆದಾಗ ಭಕ್ತನೊಬ್ಬನು ದೇವರ ಮಿತ್ರನಾಗಿ ನಿಂತು ದಾವೆ ಹೂಡಬಹುದೆಂದು ಕೋರ್ಟು ಒಪ್ಪಿತು. 2019ರ ಅಯೋಧ್ಯೆಯ ತೀರ್ಪಿನಲ್ಲಿಯೂ ಪಾಲಕನ ಹಕ್ಕು ಯಾವುದು, ಮಿತ್ರನ ಹಕ್ಕು ಯಾವುದು ಎಂಬ ಚರ್ಚೆ ಬಹು ದೀರ್ಘವಾಗಿ ನಡೆಯಿತು.

ಈ ವಿಚಾರಧಾರೆ ಸಮುದ್ರವನ್ನೂ ದಾಟಿದೆ. ತಮಿಳುನಾಡಿನ ಪತ್ತೂರಿನ ಹಾಳುಬಿದ್ದ ಶಿವಾಲಯದ ನೆಲದಲ್ಲಿ 1976ರಲ್ಲಿ ದೊರೆತ ನಟರಾಜ ವಿಗ್ರಹ ಕಳ್ಳದಾರಿಯಲ್ಲಿ ಲಂಡನ್ನಿಗೆ ಹೋಗಿ, ಕೆನಡಾದ ಒಂದು ಕಂಪನಿಯ ಕೈ ಸೇರಿತ್ತು. ಆ ಗುಡಿಗೆ ಧರ್ಮಾದಾಯದ ಕಾನೂನಿನಂತೆ ನೇಮಕವಾದ ಒಬ್ಬ ‘ತಕ್ಕ ವ್ಯಕ್ತಿ’ಯ ಮೂಲಕ ದೇವಾಲಯವೇ ಇಂಗ್ಲೆಂಡಿನ ಕೋರ್ಟಿನಲ್ಲಿ ಹಕ್ಕು ಸಾಧಿಸಿತು. ಇಂಗ್ಲಿಷ್ ಕಾನೂನಿನಲ್ಲಿ ಗುಡಿ ವ್ಯಕ್ತಿಯಲ್ಲ. ಆದರೂ ತನ್ನ ನಾಡಿನಲ್ಲಿ ವ್ಯಕ್ತಿಯಾಗಿರುವ ಗುಡಿಯನ್ನು ಇಲ್ಲಿ ಹೊರಗೆ ನಿಲ್ಲಿಸಲಾಗದು ಎಂದು 1991ರಲ್ಲಿ ಅಲ್ಲಿಯ ಅಪೀಲು ಕೋರ್ಟು ತೀರ್ಮಾನಿಸಿತು. ನಟರಾಜನು ಹಿಂದಿರುಗಿದನು. ಪೂಜೆ ನಿಂತು ಎಷ್ಟೋ ಶತಮಾನಗಳಾದ ಗುಡಿಗಳು ಹಂಪೆಯ ಬಯಲಿನಲ್ಲಿ ಅಸಂಖ್ಯಾತವಾಗಿವೆ. ಹೊರಗಿನವರ ಕಣ್ಣಿಗೆ ಅವು ಬರಿಯ ಕಲ್ಲು. ಪತ್ತೂರಿನ ತೀರ್ಪು ನೋಡಿದರೆ, ಅಂಥ ಗುಡಿಗೂ ಒಂದು ಬಾಯಿ ಇರಬಲ್ಲದು.

ಹೊಳೆಯ ಎರಡು ದಂಡೆ

ಈಗ ಮತ್ತೆ ತುಂಗಭದ್ರೆಗೆ ಬರೋಣ. 1949ರಲ್ಲಿ ಸಂಡೂರು ಮದರಾಸು ರಾಜ್ಯದಲ್ಲಿ ಲೀನವಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದವು. 1956ರಲ್ಲಿ ಆನೆಗೊಂದಿಯೂ ಬಂದಿತು. ಕನ್ನಡ ನಾಡು ಒಂದಾಯಿತು, ಆದರೆ ದೇವರುಗಳ ಕಾನೂನು ಒಂದಾಗಲಿಲ್ಲ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲಗಳಿಗೆ 1951ರ ಮದರಾಸು ಕಾನೂನು; ಆನೆಗೊಂದಿಯ ಕಡೆಗೆ ಹೈದರಾಬಾದಿನ ಫಸಲಿ 1349ರ ಕಟ್ಟಳೆ; ಹಳೆಯ ಮೈಸೂರಿಗೆ 1927ರ ಕಾನೂನು; ಮುಂಬಯಿ ಕರ್ನಾಟಕಕ್ಕೆ 1950ರ ಪಬ್ಲಿಕ್ ಟ್ರಸ್ಟ್ ಕಾನೂನು; ಕೊಡಗಿಗೆ ಇನ್ನೊಂದು. ಹಂಪೆಯಲ್ಲಿ ನಿಂತು ಹೊಳೆಯಾಚೆಗೆ ಕಾಣುವ ಗುಡಿಯ ಆಡಳಿತಗಾರನ ಅಧಿಕಾರವನ್ನು ಅಳೆಯುವ ಕೋಲೇ ಬೇರೆ. ಇಡೀ ರಾಜ್ಯಕ್ಕೆ ಒಂದೇ ಕಾನೂನು 1997ರಲ್ಲಿ ರಚಿತವಾಗಿ 2003ರ ಮೇ 1ರಂದು ಜಾರಿಗೆ ಬಂದಿತು. ಅದನ್ನು 2006ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದುಮಾಡಿತು. ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟುದರಿಂದ ಕಾನೂನು ನಡೆದುಬಂದಿತು. 2011ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ವಿರೂಪಾಕ್ಷ ದೇವಾಲಯ ಈಗ ಈ ಕಾನೂನಿನ ಮೇರೆಗೆ ಧಾರ್ಮಿಕ ದತ್ತಿ ಇಲಾಖೆಯ ಆಡಳಿತದಲ್ಲಿದೆ.

ಮಠಗಳು ಈ ಕಾನೂನಿನಿಂದ ಹೊರಗಿವೆ. ಅವುಗಳ ಜಗಳ ಬಂದರೆ ಸಾಮಾನ್ಯ ನ್ಯಾಯಸ್ಥಾನವೇ ಗತಿ. ಆನೆಗೊಂದಿಯ ಬಳಿ ಹೊಳೆಯ ನಡುಗಡ್ಡೆಯಲ್ಲಿ ಪದ್ಮನಾಭತೀರ್ಥರು, ವ್ಯಾಸರಾಯರು ಮೊದಲಾದ ಒಂಬತ್ತು ಯತಿಗಳ ವೃಂದಾವನಗಳಿವೆ. ಅಲ್ಲಿಯ ಪೂಜೆ ಆರಾಧನೆಗಳ ಹಕ್ಕಿನ ಬಗ್ಗೆ ಉತ್ತರಾದಿ ಮಠಕ್ಕೂ ಮಂತ್ರಾಲಯದ ರಾಘವೇಂದ್ರಸ್ವಾಮಿ ಮಠಕ್ಕೂ ನಡೆದ ವ್ಯಾಜ್ಯ 2018ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಆರಾಧನೆಯ ದಿನಗಳನ್ನು ಎರಡು ಮಠಗಳಿಗೆ ಹಂಚುವ ಮಧ್ಯಂತರ ಏರ್ಪಾಡನ್ನೂ ನ್ಯಾಯಸ್ಥಾನವೇ ಮಾಡಬೇಕಾಗಿ ಬಂದಿದೆ. ಎರಡು ಮಠಗಳಿಗೂ ಗುರುಗಳು ಒಬ್ಬರೇ. ಗುರುಗಳ ಪರವಾಗಿ ನಿಲ್ಲುವವರು ಇಬ್ಬರು.

ದೊಡ್ಡ ಮಠ, ದೊಡ್ಡ ದೇವಾಲಯಗಳಿಗೆ ವಕೀಲರಿದ್ದಾರೆ, ಇಲಾಖೆಯಿದೆ. ನಷ್ಟ ಹೆಚ್ಚಾಗಿ ಆಗುವುದು ಹಳ್ಳಿಯ ಸಣ್ಣ ಗುಡಿಗಳಿಗೆ. 1974ರ ಭೂಸುಧಾರಣೆಯ ತರುವಾಯ, ದೇವರ ಜಮೀನನ್ನು ಉಳುತ್ತಿದ್ದ ಗೇಣಿದಾರರು 1979ರ ಜೂನ್ 30ರೊಳಗೆ ಅರ್ಜಿ ಹಾಕಬೇಕಾಗಿತ್ತು. ನಿಜವಾದ ಗೇಣಿದಾರರಿಗೆ ಭೂಮಿ ದೊರೆತುದು ನ್ಯಾಯವೇ ಸರಿ. ಆದರೆ ಅರ್ಚಕರೇ ತಾವು ದೇವರ ಗೇಣಿದಾರರೆಂದು ಅರ್ಜಿ ಹಾಕಿದ ಪ್ರಕರಣಗಳೂ ಉಂಟು. ದೇವರ ಪರವಾಗಿ ಆಕ್ಷೇಪಣೆ ಹೇಳಬೇಕಾದವನೇ ಅರ್ಜಿದಾರನಾದ ಕಡೆ ಆಕ್ಷೇಪಣೆ ಹೇಳುವವರು ಯಾರು? 2021ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಮಧ್ಯಪ್ರದೇಶದ ಒಂದು ಮೊಕದ್ದಮೆಯಲ್ಲಿ, ದೇವರ ಜಮೀನಿನ ದಾಖಲೆಯ ಒಡೆತನದ ಕಾಲಮಿನಲ್ಲಿ ದೇವರ ಹೆಸರು ಮಾತ್ರ ಇರಬೇಕು, ಪೂಜಾರಿ ಆಸ್ತಿಯನ್ನು ನೋಡಿಕೊಳ್ಳುವವನೇ ಹೊರತು ಒಡೆಯನಲ್ಲ ಎಂದು ಸ್ಪಷ್ಟಪಡಿಸಿತು. ಇನಾಮು ಕಮಿಷನ್ನಿನವರು ಒಂದೂವರೆ ಶತಮಾನದ ಹಿಂದೆ ಬರೆಯಲು ಯತ್ನಿಸಿದುದೂ ಹೆಚ್ಚು ಕಡಮೆ ಇದೇ.

ಈ ಇನ್ನೂರು ವರ್ಷಗಳ ವ್ಯಾಜ್ಯಗಳನ್ನು ಒಟ್ಟಿಗೆ ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ದೇವರ ಪರವಾಗಿ ನಿಲ್ಲುವ ಅಧಿಕಾರ ವಂಶದಿಂದಲೋ ನೇಮಕದಿಂದಲೋ ಬರಬಹುದು. ಉಳಿಯುವುದು ಮಾತ್ರ ಕರ್ತವ್ಯದಿಂದ. ಕರ್ತವ್ಯಕ್ಕೆ ತಪ್ಪಿದ ಪಾಲಕನ ಬಾಯನ್ನು ಕೋರ್ಟು ಮುಚ್ಚಿಸಿದೆ. ಪಟ್ಟದಲ್ಲಿ ಕುಂದಿದ್ದರೂ ಕರ್ತವ್ಯ ನಡೆಸಿದವನ ಮಾತನ್ನು ಕೇಳಿದೆ. ಇಬ್ಬರೂ ಇಲ್ಲದ ಕಡೆ ಭಕ್ತನನ್ನು ಕರೆದು ನಿಲ್ಲಿಸಿದೆ. ಆದರೆ ಇದನ್ನೆಲ್ಲ ಸಾಧಿಸಲು ಪ್ರತಿಯೊಂದು ಸಲವೂ ದೇವರ ಹಣ, ಊರಿನ ನೆಮ್ಮದಿ ವೆಚ್ಚವಾಗಿವೆ.

ಅಷ್ಟು ವೆಚ್ಚ ಮಾಡದೆ ಉಳಿಯುವ ದಾರಿ ಸುಲಭವಾಗಿಯೇ ಇದೆ. ಸಭೆ ಸೇರಿದಾಗ ನಡವಳಿಯನ್ನು ಬರೆಯುವುದು; ದಾವೆ ಹೂಡಬೇಕಾದರೆ ಯಾರು ರುಜು ಹಾಕಬೇಕೆಂದು ಎಲ್ಲರೂ ಕೂಡಿ ಠರಾವು ಮಾಡುವುದು; ಒಬ್ಬ ಧರ್ಮದರ್ಶಿ ತೀರಿಕೊಂಡರೆ ಮುಂದಿನವರ ನೇಮಕವನ್ನು ತಾರೀಖು ಸಹಿತ ಬರೆದಿಡುವುದು; ವರ್ಷಕ್ಕೊಮ್ಮೆ ಪಹಣಿಯನ್ನು ತೆಗೆಸಿ, ಒಡೆತನದ ಕಾಲಮಿನಲ್ಲಿ ದೇವರ ಹೆಸರಿದೆಯೇ ಎಂದು ನೋಡುವುದು. ಬುಕ್ಕರಾಯನ ಕಾಲದವರು ಒಂದು ಹಣದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟರು. ಅದನ್ನು ಇಂದಿಗೂ ಓದಬಹುದು. ನಮ್ಮ ಊರುಗಳ ಎಷ್ಟು ಗುಡಿಗಳಲ್ಲಿ ಹೋದ ವರ್ಷದ ನಡವಳಿಯ ಪುಸ್ತಕವನ್ನು ತೆಗೆದು ತೋರಿಸಬಲ್ಲರು ಎಂಬುದನ್ನು ಆಯಾ ಊರಿನ ವಾಚಕರೇ ವಿಚಾರಿಸಿ ನೋಡಬಹುದು.